ಕಣ್ಣಿದ್ದವರ ಮೇಷ್ಟ್ರು

ರೂಸೆ ಊರಿನ ಓದುಮನೆಯಲ್ಲಿ ನಮ್ಮಂಥ ಪಿಂಚಣಿದಾರರಿಗೆ ಕಂಪ್ಯೂಟರ್ ಕಲಿಸುವ ವೆಲಿಕೊ ಮೇಷ್ಟ್ರಿಗೆ ಹುಟ್ಟಿನಿಂದ ಕಣ್ಣಿಲ್ಲ. ಅವರ ಕನಿಕರವೆಲ್ಲ ಕಣ್ಣಿದ್ದವರ ಮೇಲೆ. ಬಂದ ಕೂಡಲೇ ಎಲ್ಲರ ಮೌಸ್ ಕಿತ್ತು ತಮ್ಮ ಬಾನಿತ್ಸಾ ತಿಂಡಿಯ ಡಬ್ಬಿಗೆ ತುಂಬಿಕೊಳ್ಳುತ್ತಾರೆ. "ಪಾಪ, ನೋಡ್ಕೊಂಡು ಹುಡುಕ್ತೀರಲ್ಲ, ಅದಕ್ಕೇ ತಡ," ಎನ್ನುತ್ತಾ ಒಂದೇ ಕೀ ಒತ್ತಿ ತಲೆಬರಹದಿಂದ ತಲೆಬರಹಕ್ಕೆ ಹಾರುತ್ತಾರೆ. ಪುಟ ಓದಿ ಹೇಳುವ ಯಂತ್ರಕ್ಕೂ ಉಸಿರಾಡಲು ಪುರುಸೊತ್ತಿಲ್ಲ. ನಾವು ಅಕ್ಷರ ಹುಡುಕುವಷ್ಟರಲ್ಲಿ ಅವರು ವರ್ನಾ ರೈಲಿನ ವೇಳೆ ಹುಡುಕಿ ಮುಗಿಸಿರುತ್ತಾರೆ. ಮೊನ್ನೆ ತಮ್ಮ ಮೊಮ್ಮಗಳ ಮದುವೆಯ ಪುಟ ತೆರೆದು, ಚಿತ್ರಕ್ಕೆ ಹಾರುವ ಕೀ ಒತ್ತಿದರು. "ಚಿತ್ರ. ವಿವರಣೆ ಇಲ್ಲ," ಎಂದಿತು ಯಂತ್ರ. ಮತ್ತೆ ಒತ್ತಿದರು, ಅದೇ ಮಾತು. ನನ್ನ ಕಡೆ ತಿರುಗಿ, "ಸ್ಟೊಯಾಂಕಾ ಅವ್ರೇ, ಸ್ವಲ್ಪ ನೋಡಿ ಹೇಳ್ತೀರಾ?" ಎಂದರು. "ನಗ್ತಿದಾಳೆ ಮೇಷ್ಟ್ರೇ. ಮೂಗು ಮಾತ್ರ ನಿಮ್ದೇ," ಎಂದೆ. ಮುಂದಿನ ಕೀಗೆ ಹೊರಟಿದ್ದ ಅವರ ಬೆರಳು ಮೇಲೆದ್ದು, ತಮ್ಮ ಮೂಗನ್ನು ನಿಧಾನವಾಗಿ ಸವರುತ್ತಾ ಅಲ್ಲೇ ಉಳಿಯಿತು.