ಎಂಜಲು ಬಿಟ್ಟ ಆಯಾ

ಶಿಶುವಿಹಾರದ ಅಡುಗೆಯ ಅಜ್ಜಿ ಅಲ್ಲಿನ ಆಯಾಳನ್ನು ಮೊದಲು ಕಂಡ ದಿನ, ಆಯಾ ಮಗುವೊಂದು ಚೀಪಿ ಬಿಟ್ಟ ಬಿಸ್ಕತ್ತನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಮಕ್ಕಳ ಎಂಜಲೆಂದರೆ ಅವಳಿಗೆ ಜೇನು. ಮದುವೆಯಾಗಿ ತನಗೂ ಒಂದು ಕೂಸು ಬೇಕೆಂದು ಆಸ್ಪತ್ರೆಗೆ ಹೋದಾಗ, ಅವಳ ಎಂಜಲಿನ ಚಟ ಕೇಳಿ ಡಾಕ್ಟರಮ್ಮ ಗದರಿದರು: "ಪುಟ್ಟ ಮಕ್ಕಳ ಜೊಲ್ಲಲ್ಲಿ, ಉಚ್ಚೇಲಿ ವೈರಸ್ ಇರಬಹುದು ಕಣಮ್ಮ. ನಾಳೆ ಬಸುರಾದಾಗ ಅಂಟಿದ್ರೆ ಹೊಟ್ಟೇಲಿರೋ ಮಗೂಗೆ ತೊಂದರೆ. ಎಂಜಲು ತಿನ್ಬೇಡ, ಒದ್ದೆ ಚಡ್ಡಿ ಬದಲಿಸಿದ ಮೇಲೆ ಸೋಪು ಹಚ್ಚಿ ಕೈ ತೊಳಿ, ಮುತ್ತು ಕೊಡೋದಾದ್ರೆ ನೆತ್ತಿಗೆ ಕೊಡು."

ಅಂದಿನಿಂದ ಯಾವ ಮಗು ಬಿಸ್ಕತ್ತು ಚಾಚಿದರೂ ಆಯಾ ತುಟಿ ಬಿಗಿದು ತಲೆಯಾಡಿಸುವಳು. ತಿಂಗಳುಗಳು ಉರುಳಿದರೂ ಕೂಸಿನ ಸುಳಿವಿಲ್ಲ. ಕಡೆಗೆ ಅಜ್ಜಿಯನ್ನು ಒಲೆಯ ಮೂಲೆಗೆ ಎಳೆದು ಪಿಸುಗುಟ್ಟಿದಳು: "ಅಜ್ಜೀ, ಡಾಕ್ಟರಮ್ಮ ಹೇಳಿದ ಹಾಗೆ ಗಂಡನಿಗೂ ಬರೀ ನೆತ್ತಿಗೇ ಮುತ್ತು ಕೊಟ್ಟು ಆ ಕಡೆ ತಿರುಗಿ ಮಲಗ್ತಿದೀನಿ. ಹೀಗಾದ್ರೆ ಕೂಸು ಎಲ್ಲಿಂದ ಬರುತ್ತೆ, ನೀವೇ ಹೇಳಿ?"