ಅತ್ತೆ ಹಿತ್ತಲಿಗೆ ಬಂದ ದಿನ

“ಏ ತಾಯಿ, ಗುದ್ದಲಿ ಹಾಕಬ್ಯಾಡ! ಗಡ್ಡೆ ಸೀಳಿ ಹೋಗ್ತೈತೆ!”

ಬೆಚ್ಚಿ ತಿರುಗಿದೆ. ಹಿತ್ತಲ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಮಾವ ತೀರಿಕೊಂಡ ಮೇಲೆ ಅವರು ಕೋಣೆ ಬಿಟ್ಟು ಹೊರಗೆ ಬಂದೇ ಇರಲಿಲ್ಲ. ಮಾತಿಲ್ಲ, ಊಟ ಅಷ್ಟಕ್ಕಷ್ಟೇ, ಲಿಂಗಪೂಜೆಯೂ ನಿಂತುಹೋಗಿತ್ತು. ಅದು ಅರವತ್ತರ ದಶಕ. ದಾವಣಗೆರೆಯ ಪಿ.ಜೆ. ಬಡಾವಣೆಯ ನಮ್ಮ ಹಿತ್ತಲಲ್ಲಿ ಮಾವ ನೆಟ್ಟಿದ್ದ ಸುಗಂಧರಾಜ ಪೂರ್ತಿ ಒಣಗಿತ್ತು. ಅದನ್ನು ಅಗೆದುಹಾಕಿ ಮೆಣಸಿನ ಸಸಿ ಹಚ್ಚಲು ಹೊರಟಿದ್ದೆ.

“ಗಿಡ ಸತ್ತೋಗೈತಲ್ರಿ ಅತ್ತೆ” ಎಂದೆ.

“ಎಲೆ ಒಣಗೈತೆ ಅಷ್ಟೇ. ಗಡ್ಡೆ ಗಟ್ಟಿ ಐತೆ, ಮುಟ್ಟಿ ನೋಡು” ಎನ್ನುತ್ತಾ ನನ್ನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತರು. ಬೆರಳಿನಿಂದಲೇ ಮಣ್ಣು ಬಿಡಿಸಿ ಗಡ್ಡೆಗಳನ್ನು ಎತ್ತಿದರು, ಮರಿಗಡ್ಡೆಗಳನ್ನು ಬೇರ್ಪಡಿಸಿ ನೆರಳಲ್ಲಿ ಹರವಿದರು. ಆ ಮಧ್ಯಾಹ್ನ ತಾವಾಗಿಯೇ ಊಟ ಕೇಳಿದರು. ಮಣ್ಣಿನ ಕೈ ತೊಳೆದು ಓಡಿಹೋಗಿ ಬಡಿಸಿದೆ.

ಮುಂಗಾರು ಶುರುವಾದಾಗ ಇಬ್ಬರೂ ಸೇರಿ ಗಡ್ಡೆ ನೆಟ್ಟೆವು. ನೀರು ನಿಂತರೆ ಕೊಳೆಯುತ್ತದೆಂದು ಅತ್ತೆ ದಿನಾ ಪಾತಿ ನೋಡಿ ಬರುತ್ತಿದ್ದರು. ಮೊದಲ ಹೂ ಬಿಟ್ಟ ಬೆಳಿಗ್ಗೆ ಸ್ನಾನ ಮಾಡಿ, ತಾವೇ ಅದನ್ನು ಕೊಯ್ದು ತಂದು ಪೂಜೆಗೆ ಕೂತರು.

ಅಂದಿನಿಂದ ಅವರು ಇರುವವರೆಗೂ, ಮನೆಯ ಪೂಜೆಗೆ ಹೂ ಕೊಯ್ಯುವ ಕೆಲಸವನ್ನು ಯಾರಿಗೂ ಬಿಟ್ಟುಕೊಡಲಿಲ್ಲ.