ಗುಬ್ಬಿ ಅಜ್ಜಿ ತಟ್ಟಿದ ರೊಟ್ಟಿ

ಮನೆಮನೇಲೂ ರಾಗಿ ಬೀಸೋ ಕಲ್ಲಿದ್ದ ಕಾಲ. ಸವೆದು ನುಣ್ಣಗಾದ ಕಲ್ಲನ್ನ ಉಳೀಲಿ ಕುಟ್ಟಿ ಮತ್ತೆ ಒರಟು ಮಾಡೋದು ನನ್ನ ಕಸುಬು. ನಾನು ತುಮಕೂರಲ್ಲಿ ಕುಟ್ಟಿದ್ರೆ ಕುಣಿಗಲ್ ಕುದುರೆಗಳು ಕುಣೀತಿದ್ವು, ನಂಬಿದ್ರೆ ನಂಬಿ.

ಕುಟ್ಟಿದ ಮೇಲೆ ಮೊದಲು ತೌಡು ಬೀಸಿ ಕಲ್ಲಿನ ಪುಡಿ ತೆಗೀಬೇಕು. ಗುಬ್ಬೀಲಿ ಒಬ್ಬ ಅಜ್ಜಿ ಮನೇಲಿ, ಹಸಿವು ಅಂತ ಅದನ್ನ ಹಾರಿಸ್ಬುಟ್ಟೆ.

ಅಜ್ಜಿ ರಾಗಿ ಬೀಸಿ, "ಮೊದಲ ತುತ್ತು ನೀನೇ ತಿನ್ಬೇಕು ಕಣ್ಲಾ. ಕಲ್ಲು ಸಿಕ್ರೆ ಈ ಬೀದೀಲಿ ಯಾರೂ ನಿನ್ನ ಕರಿಯಾಕಿಲ್ಲ" ಅಂದ್ಲು. ಬೀದಿ ಹೆಂಗಸ್ರೆಲ್ಲ ಬಾಗಿಲಲ್ಲೇ ನಿಂತವ್ರೆ!

"ಮುದ್ದೆ ಮಾಡಜ್ಜಿ" ಅಂದೆ. ಮುದ್ದೆ ಅಗಿಯೋ ಹಂಗಿಲ್ಲ, ನುಂಗಿದ್ರಾಯ್ತು.

"ನನ್ನ ಹತ್ರಾನಾ ಈ ಆಟ? ರೊಟ್ಟಿ ತಟ್ತೀನಿ, ಅಗಿ."

"ಹಂಗಾದ್ರೆ ಒಂದು ಹಸಿ ಈರುಳ್ಳಿ ಕೊಡಜ್ಜಿ."

ಎರಡನ್ನೂ ಒಟ್ಟಿಗೇ ಕಚ್ಚಿದೆ. ಕರಕರ!

"ಏನ್ಲಾ ಸದ್ದು?"

"ಈರುಳ್ಳಿ ಕಣಜ್ಜಿ."

ಈರುಳ್ಳಿ ಮುಗೀತು. ಅಜ್ಜಿ ಇನ್ನೊಂದು ರೊಟ್ಟಿ ಹಾಕಿ, ನನ್ನ ಬಾಯನ್ನೇ ನೋಡ್ತಾ ಕೂತ್ಲು.

"ಸ್ವಲ್ಪ ತೌಡು ಕೊಡಜ್ಜಿ, ಬೀಸ್ಕೊಡ್ತೀನಿ" ಅಂದೆ.

ಹೆಂಗಸ್ರೆಲ್ಲ ಬಿದ್ದುಬಿದ್ದು ನಕ್ರು. ತಪ್ಪು ಒಪ್ಕೊಂಡು ತೌಡು ಬೀಸಿದ್ದು ನೋಡಿ, ಆಮೇಲೆ ಬೀದಿ ಮನೆಗಳ ಕಲ್ಲೆಲ್ಲ ಕುಟ್ಟೋಕೆ ನನಗೇ ಕೊಟ್ರು.

ಆವತ್ತು ನುಂಗಿದ ಪುಡಿ ಹೊಟ್ಟೇಲೇ ಬೀಸೋ ಕಲ್ಲಾಗಿ ಕೂತೈತೆ. ಅದಕ್ಕೇ ನೋಡಿ, ಈ ವಯಸ್ಸಲ್ಲೂ ಮೂರು ಮುದ್ದೆ ಅರಗ್ತದೆ.